ಹಳೆಯ ಮೈಕ್ರೋಲೈಟ್‌ಗೆ ಎರಡು ಸ್ಟ್ರೋಕಿನ ಎಂಜಿನ್ ಸಾಕೇ?

ಪ್ರಶ್ನೆ: ಇಬ್ಬರು ಕೂರುವ ಹಳೆಯ ಮೈಕ್ರೋಲೈಟ್ (ಬಲು ಹಗುರವಾದ ಪುಟ್ಟ ವಿಮಾನ) ಒಂದನ್ನು ಕೊಳ್ಳುವ ಮಾತುಕತೆ ನಡೆಸಿದ್ದೇನೆ. ಅದರಲ್ಲಿರುವ ರೋಟಾಕ್ಸ್ ಕಂಪನಿಯ ಎರಡು ಸ್ಟ್ರೋಕಿನ 582 ಎಂಜಿನ್ನನ್ನೇ ಉಳಿಸಿಕೊಳ್ಳಬೇಕೋ, ಅದೇ ಕಂಪನಿಯ ನಾಲ್ಕು ಸ್ಟ್ರೋಕಿನ 912ಕ್ಕೆ ಬದಲಾಯಿಸಬೇಕೋ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಸುಮಾರು 65 ಅಶ್ವಶಕ್ತಿಯ 582 ಹಗುರವಾಗಿದ್ದು ಬೇಗ ಮೇಲೇರಿಸುತ್ತದೆಯಾದರೂ, ಅದನ್ನು 300 ಗಂಟೆಗಳಿಗೊಮ್ಮೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸಬೇಕೆಂಬುದು ತಯಾರಕರ ಸೂಚನೆ, ಈಗಿನ 912ರಲ್ಲಿ ಈ ಅವಧಿ 2000 ಗಂಟೆ. ವಾರಕ್ಕೊಮ್ಮೆ ಹಾರುವವರಿಗೆ 582 ಸಾಕು ಎಂಬುದು ನನ್ನ ಅಭಿಪ್ರಾಯ.

ಉತ್ತರ 2: ಎಂಜಿನ್ ಬದಲಾದರೆ ತೂಕ ಹೆಚ್ಚುತ್ತದೆ, ಗುರುತ್ವ ಕೇಂದ್ರ ಸರಿಯುತ್ತದೆ, ಎಂಜಿನ್ ಕೂರಿಸುವ ಮೌಂಟ್ ಮತ್ತು ಪ್ರೊಪೆಲ್ಲರ್ ಎರಡನ್ನೂ ಬದಲಿಸಬೇಕಾಗುತ್ತದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಹಂಸ ವಿಮಾನವೂ ಮೊದಲು ಕಾಂಟಿನೆಂಟಲ್ ಎಂಜಿನ್ನಿನಿಂದ ಹಾರಿ ನಂತರ ರೋಟಾಕ್ಸ್‌ಗೆ ಬದಲಾಯಿತು, ಆದರೆ ಆ ಬದಲಾವಣೆ ಮಾಡಿದ್ದು ಅದನ್ನು ವಿನ್ಯಾಸಗೊಳಿಸಿದ ಸಂಸ್ಥೆಯೇ, ನಿಮ್ಮದು ಹಾಗಲ್ಲ.

ಉತ್ತರ 3: ಪೆಟ್ರೋಲನ್ನು ಮರೆಯಬೇಡಿ. 912ಕ್ಕೆ ತಯಾರಕರು ಒಪ್ಪುವುದು ಶೇ. 10ರವರೆಗಿನ ಎಥನಾಲ್ ಮಾತ್ರ, ಆದರೆ ಬಂಕಿನಲ್ಲಿ ಈಗ ಸಿಗುವುದು ಬಹುತೇಕ ಶೇ. 20ರದು. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ: ಮಳೆಗಾಲದಲ್ಲಿ ಎರಡು ತಿಂಗಳು ನಿಲ್ಲಿಸಿದ್ದ ನಮ್ಮ ಎಂಜಿನ್ನಿನ ಕಾರ್ಬ್ಯುರೇಟರ್ ಬಟ್ಟಲನ್ನು ಬಿಚ್ಚಿದಾಗ, ತಳದಲ್ಲಿ ಸಾಸಿವೆ ಕಾಳಿನಷ್ಟು ನೀರಿನ ಹನಿಗಳು ಉರುಳಾಡುತ್ತಿದ್ದವು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಮೊದಲು ಲಾಗ್‌ಬುಕ್ಕಿನಲ್ಲಿ ಎಂಜಿನ್ ಎಷ್ಟು ಗಂಟೆ ಓಡಿದೆಯೆಂದು ನೋಡುತ್ತೇನೆ.