ಅಮ್ಮನಿಗೆ ಸರ್ಪಸುತ್ತು: ಆಂಟಿಬಾಡಿ ಇದ್ದೂ ಯಾಕೆ ಬಂತು ಮೇಡಂ?

ಪ್ರಶ್ನೆ (ಹಾಸನದ ಸದಸ್ಯೆ):

ನಮಸ್ಕಾರ ಮೇಡಂ. ನಮ್ಮ ಅಮ್ಮನಿಗೆ 64 ವರ್ಷ, ಶುಗರ್ ಇದೆ. ಭಾನುವಾರ ಎಡಗಡೆ ಪಕ್ಕೆಯಲ್ಲಿ ಉರಿ ಅಂದರು. ಗ್ಯಾಸ್ ಇರಬೇಕು ಅಂತ ಸುಮ್ನಿದ್ದೆವು. ಮಂಗಳವಾರ ರಾತ್ರಿ ಅದೇ ಜಾಗದಲ್ಲಿ ನೀರುಗುಳ್ಳೆ ಎದ್ದವು. ಬುಧವಾರ ಬೆಳಿಗ್ಗೆ ಡಾಕ್ಟರ್ ನೋಡಿ ಸರ್ಪಸುತ್ತು ಅಂದರು, ಮಾತ್ರೆ ಶುರುವಾಗಿದೆ. ಅಮ್ಮನಿಗೆ ಆರೇಳು ವರ್ಷದವರಿದ್ದಾಗ ಮೈಮೇಲೆ ಅಮ್ಮ ಎದ್ದಿತ್ತಂತೆ, ಅದೇ ಚಿಕನ್‌ಪಾಕ್ಸ್. ಎರಡಕ್ಕೂ ಒಂದೇ ವೈರಸ್ ಅಂತಾರೆ. ಒಮ್ಮೆ ಬಂದರೆ ಮತ್ತೆ ಬರಲ್ಲ ಅಂತಲೂ ಅಂತಾರೆ. ನನ್ನ ತಮ್ಮ ಲ್ಯಾಬಿನಲ್ಲಿ ವೇರಿಸೆಲ್ಲಾ ಐಜಿಜಿ ಅಂತ ಈ ವೈರಸ್ಸಿನ ಆಂಟಿಬಾಡಿ ನೋಡುವ ರಕ್ತದ ಟೆಸ್ಟ್ ಮಾಡಿಸಿದ, ಪಾಸಿಟಿವ್ ಬಂತು. ಆಂಟಿಬಾಡಿ ಇದೆ ಅಂತ ತಾನೇ ಅರ್ಥ? ಮತ್ತೆ ಇದು ಹೇಗೆ ಬಂತು?

ಇನ್ನೊಂದು ವಿಷಯ. ಹಾವಿನ ತಲೆ ಬಾಲ ಸೇರಿದರೆ ಜೀವಕ್ಕೇ ಅಪಾಯ ಅಂತ ಪಕ್ಕದ ಮನೆ ಅಜ್ಜಿ ಹೇಳಿ ಹೋಗಿದ್ದಾರೆ. ಆಗಿನಿಂದ ಅಮ್ಮ ಗಂಟೆಗೊಂದು ಸಲ ಕನ್ನಡಿ ಮುಂದೆ ನಿಲ್ಲುತ್ತಾರೆ.

ಡಾಕ್ಟರ್ ಉತ್ತರ:

ಮೊದಲು ಅಮ್ಮನನ್ನು ಕನ್ನಡಿ ಮುಂದಿನಿಂದ ಕರೆದು ಕೂರಿಸಿ. ಬೆನ್ನುಹುರಿಯಿಂದ ನರಗಳು ಜೋಡಿ ಜೋಡಿಯಾಗಿ ಹೊರಡುತ್ತವೆ. ಎಡಗಡೆಯದು ಎಡ ಮೈಗೆ, ಬಲಗಡೆಯದು ಬಲ ಮೈಗೆ. ಈ ವೈರಸ್ ಸಾಮಾನ್ಯವಾಗಿ ಒಂದೇ ನರದ ದಾರಿ ಹಿಡಿದು ಹೊರಗೆ ಬರುತ್ತದೆ. ಹಾಗಾಗಿ ಗುಳ್ಳೆ ಬೆನ್ನಿನ ನಡುವೆ ಶುರುವಾದರೆ ಹೊಟ್ಟೆಯ ನಡುಗೆರೆ ಬಂದಾಗ ನಿಲ್ಲುತ್ತದೆ. ಹಾವು ಅರ್ಧ ಸುತ್ತು ಮಾತ್ರ ಹಾಕುತ್ತದೆ ಅನ್ನಿ. ಎರಡೂ ಕಡೆ, ಮೈಯೆಲ್ಲ ಗುಳ್ಳೆ ಏಳುವುದು ನಿರೋಧಕ ಶಕ್ತಿ ತೀರಾ ಕುಸಿದವರಲ್ಲಿ, ಅದೂ ಅಪರೂಪಕ್ಕೆ. ಆಗ ಅಪಾಯ ಇರುವುದು ನಿಜ. ಅಂಥ ಯಾರನ್ನೋ ನೋಡಿ ಹಿಂದಿನವರು ಈ ಮಾತು ಕಟ್ಟಿದರೋ ಏನೋ. ಅಜ್ಜಿಯನ್ನು ನಾನಂತೂ ಪೂರ್ತಿ ಬೈಯುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಅಮ್ಮನಿಗೆ ಇದು ಹೊರಗಿನಿಂದ ಬಂದದ್ದಲ್ಲ. ಚಿಕ್ಕಂದಿನಲ್ಲಿ ಬಂದ ವೈರಸ್ ಹೋಗಿರಲೇ ಇಲ್ಲ. ಆಗ ಮೈಮೇಲಿನ ಗುಳ್ಳೆ ಒಣಗಿತು, ಜ್ವರ ಬಿಟ್ಟಿತು, ಬೇವಿನ ಸೊಪ್ಪಿನ ನೀರು ಹಾಕಿ ಎಲ್ಲರೂ ಮರೆತರು. ಅಷ್ಟರಲ್ಲಿ ಸ್ವಲ್ಪ ವೈರಸ್ ಬೆನ್ನುಮೂಳೆಯ ಪಕ್ಕದ ನರಗಂಟುಗಳಿಗೆ ಸೇರಿಕೊಂಡಿತ್ತು. ಅಲ್ಲಿ ಅದು ಬೆಳೆಯದೆ, ಸದ್ದು ಮಾಡದೆ ಮಲಗಿರುತ್ತದೆ.

ಆಂಟಿಬಾಡಿ ಓಡಾಡುವುದು ರಕ್ತದಲ್ಲಿ, ಜೀವಕೋಶಗಳ ಸುತ್ತಲಿನ ದ್ರವದಲ್ಲಿ. ಹೊರಗಿನಿಂದ ಬರುವ ವೈರಸ್ಸನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಅದಕ್ಕೇ ಚಿಕನ್‌ಪಾಕ್ಸ್ ಎರಡನೇ ಸಲ ಬರುವುದು ಕಡಿಮೆ. ಆದರೆ ನರಕೋಶದ ಒಳಗೆ ಮಲಗಿದ್ದನ್ನು ಅದು ಮುಟ್ಟಲಾರದು. ಅಲ್ಲಿ ಕಾವಲು, ಸೋಂಕು ತಗುಲಿದ ಜೀವಕೋಶಗಳನ್ನು ಗುರುತಿಸುವ ಬಿಳಿ ರಕ್ತಕಣಗಳಾದ ಟಿ ಸೆಲ್‌ಗಳದ್ದು. ವೈರಸ್ ಆಗಾಗ ತಲೆ ಎತ್ತಲು ನೋಡುತ್ತದೆ, ಟಿ ಸೆಲ್‌ಗಳು ಅದುಮುತ್ತವೆ, ನಮಗೆ ಗೊತ್ತೂ ಆಗುವುದಿಲ್ಲ. 50 ದಾಟಿದ ಮೇಲೆ ಈ ವೈರಸ್ಸಿನ ವಿರುದ್ಧದ ಟಿ ಸೆಲ್ ಬಲ ಇಳಿಯುತ್ತಾ ಬರುತ್ತದೆ. ಶುಗರ್, ಸ್ಟೆರಾಯ್ಡ್, ಕೀಮೋಥೆರಪಿ, ಎಚ್‌ಐವಿ ಇದ್ದರೆ ಇನ್ನೂ ಬೇಗ. ತಮಾಷೆ ಏನೆಂದರೆ ಆಂಟಿಬಾಡಿ ಹಾಗೆ ಇಳಿಯುವುದಿಲ್ಲ. ಹಾಗಾಗಿ ಸರ್ಪಸುತ್ತು ಬಂದವರಲ್ಲೂ ಬರದವರಲ್ಲೂ ಐಜಿಜಿ ಪಾಸಿಟಿವ್ ಇರುತ್ತದೆ. ಸರ್ಪಸುತ್ತು ಬರುತ್ತದೋ ಇಲ್ಲವೋ ಅಂತ ಆ ಟೆಸ್ಟ್ ಹೇಳಲಾರದು. ತಮ್ಮನಿಗೆ ಬೈಬೇಡಿ, ಎಷ್ಟೋ ಜನ ಮಾಡಿಸುತ್ತಾರೆ.

ಒಳಗಿನ ವೈರಸ್ಸೇ ವಯಸ್ಸಾದ ಮೇಲೆ ಏಳುತ್ತದೆ ಅನ್ನುವ ಮಾತನ್ನು ಮೊದಲು ಗಟ್ಟಿಯಾಗಿ ಹೇಳಿದ್ದು ದೊಡ್ಡ ಲ್ಯಾಬಿನವರಲ್ಲ, ಇಂಗ್ಲೆಂಡಿನ ಸೈರೆನ್ಸೆಸ್ಟರ್ ಊರಿನ ಒಬ್ಬ ಫ್ಯಾಮಿಲಿ ಡಾಕ್ಟರ್, ಎಡ್ಗರ್ ಹೋಪ್-ಸಿಂಪ್ಸನ್. ತನ್ನ ಕ್ಲಿನಿಕ್ಕಿಗೆ 16 ವರ್ಷದಲ್ಲಿ ಬಂದ ಸರ್ಪಸುತ್ತಿನ ಕೇಸುಗಳನ್ನೆಲ್ಲ ಬರೆದಿಟ್ಟು, ವಯಸ್ಸು ಏರಿದಂತೆ ಇದು ಜಾಸ್ತಿ ಅಂತ ತೋರಿಸಿದರು. ಮಲಗಿದ ವೈರಸ್ಸೇ ಎದ್ದು ಬರುತ್ತದೆ ಅಂತ 1965ರಲ್ಲಿ ಬರೆದರು. ಆಮೇಲೆ ಲ್ಯಾಬುಗಳು ಅದನ್ನೇ ಖಚಿತ ಮಾಡಿದವು.

ನಿಮ್ಮ ಡಾಕ್ಟರ್ ಸರಿಯಾದ ಹೊತ್ತಿಗೆ ಮಾತ್ರೆ ಕೊಟ್ಟಿದ್ದಾರೆ. ಗುಳ್ಳೆ ಎದ್ದ 72 ಗಂಟೆಯ ಒಳಗೆ ಶುರುವಾದರೆ ಒಳ್ಳೆಯದು. ಉರಿ ಇಳಿಯಿತು ಅಂತ ಮಧ್ಯದಲ್ಲಿ ನಿಲ್ಲಿಸಬೇಡಿ. ಕಿಡ್ನಿ ತೊಂದರೆ ಏನಾದರೂ ಇದ್ದರೆ ಹೇಳಿ, ಡೋಸ್ ಬದಲಿಸಬೇಕಾಗುತ್ತದೆ. ಗುಳ್ಳೆ ಮಾಯ್ದ ಮೇಲೂ ನೋವು ಉಳಿದರೆ ಸುಮ್ನೆ ತಡೆದುಕೊಳ್ಳುವುದು ಬೇಡ. ಕೆಲವರಿಗೆ ಸೀರೆಯ ಸೆರಗು ತಾಗಿದರೂ ಕಿರುಚುವಷ್ಟು ನೋವು ತಿಂಗಳುಗಟ್ಟಲೆ ಇರುತ್ತದೆ. ಅದಕ್ಕೆ ಬೇರೆಯೇ ಔಷಧಿ ಇದೆ, ಮಾಮೂಲಿ ನೋವಿನ ಮಾತ್ರೆ ಸಾಲದು.

ಓದುತ್ತಿರುವ ಉಳಿದವರಿಗೆ ಒಂದು ಮಾತು: ಮೂಗಿನ ತುದಿಯಲ್ಲೋ ಹಣೆಯಲ್ಲೋ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಅದೇ ನರದ ಕವಲು ಕಣ್ಣಿಗೂ ಹೋಗುತ್ತದೆ.

ಪ್ರಶ್ನೆ (ಧಾರವಾಡದ ಸದಸ್ಯರು):

ಹಾಗಾದರೆ ದಡಾರವೂ ಒಳಗೇ ಕೂತಿರುತ್ತದೇನ್ರೀ ಮೇಡಂ?

ಡಾಕ್ಟರ್ ಉತ್ತರ:

ಇಲ್ಲ ಸರ್. ದಡಾರದ ವೈರಸ್ ಸಾಮಾನ್ಯವಾಗಿ ಪೂರ್ತಿ ಹೊರಟುಹೋಗುತ್ತದೆ, ಅದನ್ನು ಗುರುತಿಸಿ ತಡೆಯುವ ದೇಹದ ನೆನಪು ಮಾತ್ರ ಉಳಿಯುತ್ತದೆ. ಅದು ಎಂಥ ನೆನಪು ಅಂತೀರಿ! ಅಟ್ಲಾಂಟಿಕ್ ಸಮುದ್ರದ ಫಾರೋ ದ್ವೀಪಗಳಿಗೆ 1781ರಲ್ಲಿ ದಡಾರ ಬಂದಿತ್ತು. ಆಮೇಲೆ ಬಂದದ್ದು 1846ರಲ್ಲಿ. ಸುಮಾರು 7,800 ಜನರಲ್ಲಿ 6,000ದಷ್ಟು ಜನ ದಡಾರ ಬಂದು ಮಲಗಿದರು. ಡೆನ್ಮಾರ್ಕಿನಿಂದ ಹೋಗಿದ್ದ ಯುವ ಡಾಕ್ಟರ್ ಪೀಟರ್ ಪಾನಮ್ ಮನೆ ಮನೆ ಸುತ್ತಿ ವಿಚಾರಿಸಿದಾಗ, 65 ವರ್ಷದ ಹಿಂದೆ ದಡಾರ ಕಂಡಿದ್ದ ಮುದುಕರಿಗೆ ಈ ಸಲ ಬಂದಿರಲಿಲ್ಲ. ನಡುವೆ ಆ ವೈರಸ್ ಅವರಿಗೆ ನೆನಪಿಸಲೂ ಬಂದಿರಲಿಲ್ಲ, ನೋಡಿ. ದಡಾರಕ್ಕೆ ಆ ನೆನಪು ಸಾಕು. ಸರ್ಪಸುತ್ತಿನ ವೈರಸ್ ಮನೆಯೊಳಗೇ ಇರುವುದರಿಂದ ದಿನವೂ ಕಾವಲು ಬೇಕು.

ಪ್ರಶ್ನೆ (ಬೆಂಗಳೂರಿನ ಸದಸ್ಯರು, 58 ವರ್ಷ):

ಇದಕ್ಕೆ ಲಸಿಕೆ ಬಂದಿದೆ ಅಂತ ಕೇಳಿದೆ. ಚಿಕನ್‌ಪಾಕ್ಸ್ ಲಸಿಕೆಯೇನಾ ಅದು? ಹಾಕಿಸಿಕೊಂಡ ನನ್ನ ಭಾವನವರು ಎರಡು ದಿನ ಜ್ವರ ಬಂದು ಮಲಗಿಬಿಟ್ಟರು.

ಡಾಕ್ಟರ್ ಉತ್ತರ:

ಅದೇ ಅಲ್ಲ. ಚಿಕನ್‌ಪಾಕ್ಸ್ ಲಸಿಕೆಯಲ್ಲಿ ಬಲ ಕುಂದಿಸಿದ ಜೀವಂತ ವೈರಸ್ ಇರುತ್ತದೆ. ಜಪಾನಿನ ಮಿಚಿಯಾಕಿ ತಕಹಾಶಿ 1974ರಲ್ಲಿ ಮಾಡಿದ್ದು. ಅದೇ ವೈರಸ್ಸನ್ನು ಹತ್ತು ಪಟ್ಟಿಗೂ ಹೆಚ್ಚಿಗೆ ಹಾಕಿ 2006ರಲ್ಲಿ ಅಮೆರಿಕದಲ್ಲಿ ಜೋಸ್ಟಾವ್ಯಾಕ್ಸ್ ಅಂತ ತಂದರು. ಸರ್ಪಸುತ್ತನ್ನು ಅರ್ಧದಷ್ಟು ತಡೆಯಿತು. ವಯಸ್ಸಾದಷ್ಟೂ ಅದರ ಫಲ ಕಡಿಮೆ. ಯಾರಿಗೆ ಜಾಸ್ತಿ ಬೇಕೋ ಅವರಿಗೇ ಕಮ್ಮಿ ಅಂದ ಹಾಗಾಯಿತು.

ಈಗಿನದು ಶಿಂಗ್ರಿಕ್ಸ್, ನಮ್ಮಲ್ಲಿಗೆ 2023ರಲ್ಲಿ ಬಂತು. ಇದರಲ್ಲಿ ವೈರಸ್ಸೇ ಇಲ್ಲ, ಅದರ ಹೊರಮೈಯ ಒಂದು ಪ್ರೋಟೀನ್ ಮಾತ್ರ. ಬರೀ ಪ್ರೋಟೀನ್ ಕೊಟ್ಟರೆ ದೇಹ ಅಷ್ಟಾಗಿ ಕೇರ್ ಮಾಡುವುದಿಲ್ಲ. ಅದಕ್ಕೆ ಜೊತೆಯಲ್ಲಿ ಎಚ್ಚರಿಸುವ ಒಂದು ಮಿಶ್ರಣ ಸೇರಿಸಿದ್ದಾರೆ. ಅದರಲ್ಲಿ ಒಂದು ವಸ್ತು ಚಿಲಿ ದೇಶದ ಒಂದು ಮರದ ತೊಗಟೆಯಿಂದ ತೆಗೆದ ಸಪೋನಿನ್. ನಮ್ಮ ಅಂಟುವಾಳಕಾಯಿ, ಸೀಗೆಕಾಯಿ ನೊರೆ ಬರುವುದು ಇದೇ ಜಾತಿಯ ವಸ್ತುವಿನಿಂದ. ಈ ಮಿಶ್ರಣ ಟಿ ಸೆಲ್‌ಗಳನ್ನು ಜೋರಾಗಿ ಎಬ್ಬಿಸುತ್ತದೆ. ನಿಮ್ಮ ಭಾವನವರ ಜ್ವರ, ಮೈಕೈ ನೋವು ಅದರದ್ದೇ ಗಲಾಟೆ. 50 ದಾಟಿದವರಲ್ಲಿ ನಡೆಸಿದ ದೊಡ್ಡ ಪರೀಕ್ಷೆಯಲ್ಲಿ ಸುಮಾರು 97%, 70 ದಾಟಿದವರಲ್ಲೂ ಸುಮಾರು 90% ರಕ್ಷಣೆ ಸಿಕ್ಕಿತು. ಅಷ್ಟು ವಯಸ್ಸಿನವರಲ್ಲಿ ಇಂಥ ಫಲಿತಾಂಶ ಕೊಡುವ ಲಸಿಕೆ ಕಡಿಮೆ.

ಎರಡು ಡೋಸ್, 2ರಿಂದ 6 ತಿಂಗಳ ಅಂತರ. ಜ್ವರಕ್ಕೆ ಹೆದರಿ ಎರಡನೆಯದು ಬಿಡಬೇಡಿ ಅಂತ ಭಾವನವರಿಗೆ ಹೇಳಿ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇದಿಲ್ಲ, ದುಡ್ಡು ಕೈಯಿಂದಲೇ ಹಾಕಬೇಕು, ಅಗ್ಗವೇನಲ್ಲ. ಶುಗರ್ ಇದ್ದು, 60 ದಾಟಿ, ಕೈಯಲ್ಲಿ ಆಗುತ್ತದೆ ಅನ್ನುವವರಿಗೆ ನಾನು ಹಾಕಿಸಿ ಅಂತಲೇ ಹೇಳುತ್ತೇನೆ. ಸಾಲ ಮಾಡಿ ಹಾಕಿಸಿ ಅಂತ ಹೇಳಲಾರೆ.

ಹಾಸನದ ಸದಸ್ಯೆ ಮತ್ತೆ:

ತುಂಬಾ ಥ್ಯಾಂಕ್ಸ್ ಮೇಡಂ. ಅಮ್ಮನಿಗೆ ಈಗ ಈ ಲಸಿಕೆ ಕೊಡಬಹುದಾ? ತಮ್ಮನ ಹೆಂಡತಿ ಐದು ತಿಂಗಳ ಬಸುರಿ, ಒಂದೇ ಮನೆ. ಅವಳಿಗೂ ಸರ್ಪಸುತ್ತು ಅಂಟುತ್ತದಾ? ಮತ್ತೆ ಅಮ್ಮ ಸ್ನಾನ ಮಾಡ್ತಿಲ್ಲ, ಬೇವಿನ ನೀರು ಹಾಕೋವರೆಗೂ ಮಾಡಬಾರದಂತೆ.

ಡಾಕ್ಟರ್ ಉತ್ತರ:

ಲಸಿಕೆ ಈಗ ಬೇಡ. ಇದು ಬಂದದ್ದನ್ನು ವಾಸಿ ಮಾಡುವುದಲ್ಲ. ಗುಳ್ಳೆಯೆಲ್ಲ ಪೂರ್ತಿ ಮಾಯ್ದ ಮೇಲೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಸರ್ಪಸುತ್ತು ಕೆಲವರಿಗೆ ಇನ್ನೊಮ್ಮೆ ಬರುವುದುಂಟು.

ಸರ್ಪಸುತ್ತು ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರಿನಲ್ಲಿ ಜೀವಂತ ವೈರಸ್ ಇದೆ. ಚಿಕನ್‌ಪಾಕ್ಸ್ ಯಾವತ್ತೂ ಬರದವರಿಗೆ ಅದು ತಾಗಿದರೆ ಚಿಕನ್‌ಪಾಕ್ಸ್ ಬರಬಹುದು, ಬಸುರಿಯರಲ್ಲಿ ಅದು ಜೋರಾಗಬಹುದು. ಅವಳಿಗೆ ಚಿಕ್ಕಂದಿನಲ್ಲಿ ಆಗಿತ್ತಾ, ಲಸಿಕೆ ಹಾಕಿಸಿದ್ದರಾ ಅಂತ ತವರಿಗೆ ಫೋನ್ ಮಾಡಿ ಕೇಳಿ. ಗೊತ್ತಿಲ್ಲ ಅಂದರೆ ಅದೇ ಐಜಿಜಿ ಟೆಸ್ಟ್ ಅವಳಿಗೆ ಮಾಡಿಸಿ, ಇಲ್ಲಿ ಅದು ಕೆಲಸಕ್ಕೆ ಬರುತ್ತದೆ. ನೆಗೆಟಿವ್ ಬಂದರೆ ತಡ ಮಾಡದೆ ಅವಳ ಡಾಕ್ಟರಿಗೆ ತಿಳಿಸಿ. ಅಲ್ಲಿಯವರೆಗೆ ಅಮ್ಮನ ಟವೆಲ್, ಹಾಸಿಗೆ ಬೇರೆ ಇರಲಿ. ಗುಳ್ಳೆ ಮೇಲೆ ತೆಳು ಹತ್ತಿ ಬಟ್ಟೆ ಮುಚ್ಚಿ. ಎಲ್ಲ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಅಂಟುವ ಭಯ ಇಲ್ಲ.

ಸ್ನಾನ ಇವತ್ತೇ ಮಾಡಿಸಿ. ಉಗುರುಬೆಚ್ಚಗಿನ ನೀರು ಹಾಕಿ, ಉಜ್ಜಬೇಡಿ, ಮೆತ್ತಗೆ ಒತ್ತಿ ಒರೆಸಿ. ಅಮ್ಮನ ಸಮಾಧಾನಕ್ಕೆ ಬಕೆಟ್ಟಿಗೆ ನಾಲ್ಕು ಬೇವಿನ ಎಲೆ ಹಾಕಿದರೂ ನನ್ನ ತಕರಾರಿಲ್ಲ. ಅರೆದು ಗುಳ್ಳೆ ಮೇಲೆ ಮೆತ್ತುವುದು ಮಾತ್ರ ಬೇಡ.