ನಿಲ್ದಾಣದವರೆಗಿನ ನಡಿಗೆ ವ್ಯಾಯಾಮದ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ: ಗೃಹಿಣಿ, ಡೊಂಬಿವಲಿ ಪೂರ್ವ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಿಂದ ಡೊಂಬಿವಲಿ ರೈಲು ನಿಲ್ದಾಣಕ್ಕೆ ಒಂದೂವರೆ ಕಿಲೋಮೀಟರ್ ದೂರವಿದ್ದು, 58 ವರ್ಷದ ನಮ್ಮ ಯಜಮಾನರನ್ನು ಮಗ ಬೆಳಿಗ್ಗೆ ಸ್ಕೂಟರಿನಲ್ಲಿ ಬಿಟ್ಟು ಬಂದು, ಸಂಜೆ ಮತ್ತೆ ಕರೆತರುತ್ತಾನೆ. ಕಳೆದ ತಿಂಗಳ ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿರೇಖೆಯಲ್ಲಿದೆ ಎಂದು ತಿಳಿದ ಮೇಲೆ ವೈದ್ಯರು ದಿನವೂ ನಡೆಯಲು ಹೇಳಿದ್ದಾರೆ. ಮುಂಜಾನೆಯ ಲೋಕಲ್ ಹಿಡಿಯುವವರಿಗೆ ವಾಯುವಿಹಾರಕ್ಕೆಂದು ಬೇರೆ ಸಮಯವೇ ಸಿಗುವುದಿಲ್ಲ. ನಿಲ್ದಾಣಕ್ಕೆ ನಡೆದು ಹೋಗಿ ಬಂದರೆ ಸಾಕೇ, ಅಥವಾ ಒಂದೇ ಸಮನೆ ಮುಕ್ಕಾಲು ಗಂಟೆ ನಡೆಯಲೇಬೇಕೇ?

ಉತ್ತರ 1: ನಿವೃತ್ತ ವೈದ್ಯ, ಮಾಟುಂಗಾ

ತಾಯಿ, ಖಂಡಿತ ಲೆಕ್ಕಕ್ಕೆ ಬರುತ್ತದೆ. ಕನಿಷ್ಠ 10 ನಿಮಿಷ ಬಿಡದೆ ನಡೆದರೆ ಮಾತ್ರ ಪ್ರಯೋಜನ ಎಂಬ ಹಳೆಯ ಷರತ್ತನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದು ಅದು ಹೇಳುತ್ತದೆ. ಹೋಗುವಾಗ 20, ಬರುವಾಗ 20 ನಿಮಿಷವೆಂದರೂ ಆರು ದಿನಕ್ಕೆ 240 ನಿಮಿಷವಾಯಿತು. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ಬಿರುಸಿರಲಿ.

ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಲ್ಲಿರುವ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ಆದ್ದರಿಂದ ತಿಂಡಿ ತಿಂದ ಮೇಲೆ ನಡೆಯುವುದು ಅವರಿಗೆ ಹೆಚ್ಚು ಒಳ್ಳೆಯದು. ದಿನಕ್ಕೆ 10,000 ಹೆಜ್ಜೆ ಎಂಬ ಸಂಖ್ಯೆಗೆ ಹೆದರಬೇಡಿ. ಅದು 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಹರಡಿದ್ದು. ದಿನದ ಕೆಲಸದಲ್ಲೇ ಬೆರೆತ ಓಡಾಟವನ್ನು ಹಗುರವಾಗಿ ಕಾಣಬಾರದು ಎಂಬುದಕ್ಕೆ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನಿದರ್ಶನವಿದೆ: ಇಡೀ ದಿನ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂದು ಜೆರಿ ಮಾರಿಸ್ ಅವರು 1953ರಲ್ಲೇ ಪ್ರಕಟಿಸಿದ್ದರು. ಸಕ್ಕರೆ ಇಳಿಸುವ ಮಾತ್ರೆ ಆರಂಭಿಸಿದ್ದರೆ, ನಡೆಯುವಾಗ ಸಕ್ಕರೆ ತೀರಾ ಇಳಿದರೆ ತಿನ್ನಲು ಜೇಬಿನಲ್ಲಿ ಎರಡು ಪೆಪ್ಪರಮಿಂಟು ಇಟ್ಟುಕೊಳ್ಳಲಿ.

ಉತ್ತರ 2: ವಾಹನ ದುರಸ್ತಿ ಕಲಿಸುವ ಶಿಕ್ಷಕ, ಥಾಣೆ

ಸ್ಕೂಟರಿನ ಲೆಕ್ಕವನ್ನೂ ನೋಡಿ. ಬಿಟ್ಟು ಬರಲು ಮೂರು, ಕರೆತರಲು ಮೂರು, ಹೀಗೆ ದಿನಕ್ಕೆ 6 ಕಿಲೋಮೀಟರ್, ತಿಂಗಳ 25 ದಿನಕ್ಕೆ 150 ಕಿಲೋಮೀಟರ್. ಲೀಟರಿಗೆ 45 ಕಿಲೋಮೀಟರ್ ಕೊಟ್ಟರೂ ಮೂರು ಲೀಟರಿಗಿಂತ ಹೆಚ್ಚು ಪೆಟ್ರೋಲು ಬೇಕು. ಒಂದು ಲೀಟರ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ತಿಂಗಳಿಗೆ ಏಳೂವರೆ ಕಿಲೋದಷ್ಟಾಗುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾದ ಮೇಲೆಯೇ ವಿಷಾನಿಲಗಳನ್ನು ಪೂರ್ತಿಯಾಗಿ ಶುದ್ಧೀಕರಿಸುತ್ತದೆ. ಬೆಳಿಗ್ಗೆ ತಣ್ಣಗಿರುವ ಇಂಜಿನ್ನಿನ ಮೊದಲ ಒಂದೆರಡು ಕಿಲೋಮೀಟರಿನಲ್ಲಿ ಕಾರ್ಬನ್ ಮೊನಾಕ್ಸೈಡೂ ಸರಿಯಾಗಿ ಉರಿಯದ ಇಂಧನದ ಆವಿಯೂ ಹೆಚ್ಚಾಗಿ ಹೊರಬೀಳುತ್ತವೆ. ನಿಮ್ಮ ಮಗನ ಪ್ರಯಾಣ ಮುಗಿಯುವುದು ಆ ಹೊತ್ತಿಗೇ. ಕಿಲೋಮೀಟರ್ ಲೆಕ್ಕದಲ್ಲಿ ಅತ್ಯಂತ ಕೊಳಕಾದದ್ದು ಇಂತಹ ಗಿಡ್ಡ ಸವಾರಿಯೇ.

ಉತ್ತರ 3: ದಿನವೂ ನಡೆಯುವವಳು, ಮುಲುಂಡ್

ಅಕ್ಕ, ಮುಖ್ಯರಸ್ತೆಯನ್ನು ಬಿಟ್ಟು ಒಳಗಿನ ಗಲ್ಲಿಯಿಂದ ಹೋಗುವಂತೆ ಹೇಳಿ, ಎರಡು ನಿಮಿಷ ಹೆಚ್ಚಾದರೂ ಚಿಂತೆಯಿಲ್ಲ. ಚಳಿಗಾಲದ ಮುಂಜಾನೆ ನಮ್ಮ ಮುಂಬಯಿಯಲ್ಲಿ ಗಾಳಿ ಅಲುಗದೆ ಹೊಗೆಯೆಲ್ಲ ನೆಲದ ಮೇಲೆಯೇ ಕೂತಿರುತ್ತದೆ. ಮಳೆಗಾಲದಲ್ಲಿ ನಿಂತ ನೀರನ್ನು ಮಾತ್ರ ತುಳಿಯಬಾರದು. ಕಾಲಿನಲ್ಲಿ ಸಣ್ಣ ಗೀರು ಇದ್ದರೂ ಇಲಿಜ್ವರ ಬರಬಹುದು. ಸಕ್ಕರೆ ಇರುವವರು ಮನೆಗೆ ಬಂದ ಕೂಡಲೇ ಬೆರಳುಗಳ ಸಂದಿಯನ್ನೂ ಒರೆಸಿ ನೋಡಿಕೊಳ್ಳಬೇಕು. ಕಾಲುದಾರಿಯ ತುಂಬ ಬೈಕುಗಳನ್ನು ನಿಲ್ಲಿಸಿ ನಮ್ಮನ್ನು ರಸ್ತೆಗೆ ಇಳಿಸುವುದು ನನಗೆ ಬಹಳ ನೋವಿನ ವಿಷಯ. ಅದಕ್ಕೆ ವಾರ್ಡ್ ಕಚೇರಿಗೆ ಬರೆಯುತ್ತಲೇ ಇದ್ದೇನೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಅವರು ಒಳಗಲ್ಲಿಯಿಂದ ನಡೆದೇ ಬಂದರು. 25 ನಿಮಿಷ ಹಿಡಿಯಿತು, ಏಕೆಂದರೆ ದಾರಿಯಲ್ಲಿ ತರಕಾರಿಯವಳ ಬಳಿ ಎಳೆಯ ಬಸಳೆ ಕಂಡು, ಒಂದು ಕಟ್ಟು ಆರಿಸಿ ತಂದಿದ್ದರು.