ವೆಸ್ಟರ್ನ್ ಸವಾರಿಗೆ ಕುದುರೆ ಬೇಕು, ಶಿರಸಿ ಹತ್ತಿರ ಸಿಗಬಹುದಾ?

ಕೇಳಿದವರು, ಶಿರಸಿ: ಬೆಂಗಳೂರಿನಲ್ಲಿದ್ದಾಗ ಸವಾರಿ ಕಲಿತಿದ್ದೆ. ಈಗ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ವೆಸ್ಟರ್ನ್ ಪ್ಲೆಷರ್ ಅಂತಾರಲ್ಲ, ಲಗಾಮು ಸಡಿಲ ಬಿಟ್ಟು ಆರಾಮಾಗಿ ಹೋಗುವ ಸವಾರಿ, ಅದಕ್ಕೆ ಒಂದು ಕುದುರೆ ಕೊಳ್ಳುವ ಆಸೆ. ಏನೇನು ನೋಡಬೇಕು? ಅನುಭವ ಇದ್ದವರು ಹೇಳಿ.

ಹಳಿಯಾಳದಿಂದ: ಅಮೆರಿಕದಲ್ಲಿ ಇದಕ್ಕೆ ಹೆಚ್ಚಾಗಿ ಕ್ವಾರ್ಟರ್ ಹಾರ್ಸ್ ತಳಿ ಬಳಸುತ್ತಾರೆ. ಅದು ನಮ್ಮ ಕಡೆ ಸಿಗಲಿ ಅಂತ ಕಾಯಬೇಡಿ. ಸಿಗುವುದು ಮಾರ್ವಾಡಿ, ಕಾಠಿಯಾವಾಡಿ, ರೇಸ್ ಬಿಟ್ಟ ಥರೋಬ್ರೆಡ್, ಇಲ್ಲವೇ ಮಿಶ್ರ ತಳಿ. ರೇಸ್ ಕುದುರೆ ನೋಡೋಕೆ ಚಂದ. ಆದರೆ ಅದಕ್ಕೆ ಚಿಕ್ಕಂದಿನಿಂದ ಕಲಿಸಿದ್ದು ಓಡುವುದನ್ನು, ನಿಮಗೆ ಬೇಕಾದದ್ದು ನಿಧಾನ. ಹೊಸದಾಗಿ ಪಳಗಿಸುವ ತಾಳ್ಮೆ ಇದ್ದರೆ ಮಾತ್ರ ಆ ಕಡೆ ಹೋಗಿ.

ಮಾರ್ವಾಡಿಗಳಲ್ಲಿ ಕೆಲವಕ್ಕೆ ರೇವಾಲ್ ಎಂಬ ನಡೆ ಹುಟ್ಟಿನಿಂದಲೇ ಬಂದಿರುತ್ತದೆ. ಕೂತವರಿಗೆ ಬಲು ಸುಖ. ಆದರೆ ಅದು ವೆಸ್ಟರ್ನ್‌ನ ಜಾಗ್, ಅಂದರೆ ನಿಧಾನದ ಕುಕ್ಕುಲೋಟ, ಅಲ್ಲ. ಜಾಗ್‌ನಲ್ಲಿ ಎಡ ಮುಂಗಾಲು, ಬಲ ಹಿಂಗಾಲು ಒಟ್ಟಿಗೆ ಬೀಳುತ್ತವೆ. ಸ್ಪರ್ಧೆ ಬೇಡ, ಊರು ಸುತ್ತಿದರೆ ಸಾಕು ಅನ್ನುವುದಾದರೆ ನನ್ನ ಮತ ರೇವಾಲ್‌ಗೇ. ಜೀನು ಮಾತ್ರ ಕುದುರೆ ಬಂದ ಮೇಲೆ ತೆಗೆದುಕೊಳ್ಳಿ. ಅಗಲ ಬೆನ್ನಿನ ತಳಿಗೆ ಮಾಡಿದ ವೆಸ್ಟರ್ನ್ ಜೀನು ಸಪೂರ ಬೆನ್ನಿನ ಮೇಲೆ ಕೂರುವುದಿಲ್ಲ, ಗಾಯ ಮಾಡುತ್ತದೆ.

ಕುಮಟಾದಿಂದ: ಕೆಲವರು ನಾವು ಹೋಗುವ ಮುಂಚೆಯೇ ಕುದುರೆಯನ್ನು ಓಡಿಸಿ ದಣಿಸಿ ಇಟ್ಟಿರುತ್ತಾರೆ. ಆಗ ಎಂಥ ಕುದುರೆಯೂ ಸಾಧು! ಲಾಯದಿಂದ ಹೊರಗೆ ತರುವಾಗಿನಿಂದಲೇ ನೋಡಿ. ಜೀನು ಬಿಗಿಯುವಾಗ ಕಚ್ಚಲು ಬರುತ್ತದಾ? ನಾಲ್ಕೂ ಕಾಲು ಎತ್ತಿ ಕೊಡುತ್ತದಾ? ಮೊದಲು ಅವರೇ ಹತ್ತಲಿ. ಆಮೇಲೆ ನೀವು ಹತ್ತಿ, ಲಗಾಮು ಸಡಿಲ ಬಿಡಿ. ತಾನಾಗಿ ವೇಗ ಏರಿಸುತ್ತಾ ಹೋದರೆ ಇಳಿದು ಮನೆಗೆ ಬನ್ನಿ.

ಗಟ್ಟಿ ನೆಲದಲ್ಲಿ ಓಡಿಸಿ ಎದುರಿನಿಂದ ನೋಡಿ. ಯಾವ ಮುಂಗಾಲು ಊರುವಾಗ ತಲೆ ಮೇಲೇಳುತ್ತದೋ ಆ ಕಾಲಿಗೆ ನೋವಿದೆ. ವಯಸ್ಸಿಗೆ ಹಲ್ಲು ನೋಡಬೇಕು. ಮೇಲಿನ ಬಾಚಿಹಲ್ಲುಗಳ ಸಾಲಿನ ತುದಿಯ ಹಲ್ಲಿನಲ್ಲಿ ಉದ್ದ ಗೀರು ಇಳಿದಿದ್ದರೆ ಸುಮಾರು 10 ವರ್ಷ ದಾಟಿದೆ. ಅದೇನು ದೋಷವಲ್ಲ, ಒಂಟಿಯಾಗಿ ಸಾಕುವವರಿಗೆ ಅಂಥದ್ದೇ ವಾಸಿ.

ಸಿದ್ದಾಪುರದಿಂದ: ಮಾರಾಯ್ರೆ, ಮಳೆಗಾಲ ಮರೆತೇಬಿಟ್ಟಿರಲ್ಲ! ಒದ್ದೆ ನೆಲದಲ್ಲಿ ನಿಂತರೆ ಗೊರಸಿನ ಅಡಿ ಕಪ್ಪಗೆ ಕೊಳೆತು ನಾರುತ್ತದೆ. ದನಕ್ಕೆ ಹಾಕುವ ಹಾಗೆ ಸೊಪ್ಪು ಹಾಸಿ, ಅದರ ಮೇಲೆ ಮತ್ತೆ ಸೊಪ್ಪು ಹಾಸುತ್ತಾ ಹೋದರೆ ಕುದುರೆಗೆ ಆಗುವುದಿಲ್ಲ. ಎತ್ತರದ ಒಣ ನೆಲ ಬೇಕು, ದಿನಾ ಗೊರಸು ಕೆರೆಯಬೇಕು. ಬೂಷ್ಟು ಹಿಡಿದ ಹುಲ್ಲನ್ನಂತೂ ಹಾಕಲೇಬೇಡಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆನೋವು ಬಂದರೆ ಜೀವಕ್ಕೇ ಕುತ್ತು. ಬೇಲಿಯಲ್ಲಿ ಕಣಗಿಲೆ ಇದ್ದರೆ ಕಿತ್ತು ಹಾಕಿ, ಅದು ವಿಷ. ಉಣುಗಿನ ಕಾಟ ನಮ್ಮ ಕಾಡಂಚಿನವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು, ಲಾಳ. 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಎತ್ತಿಗೆ ಲಾಳ ಕಟ್ಟುವವರೆಲ್ಲ ಕುದುರೆ ಗೊರಸು ಮುಟ್ಟುವುದಿಲ್ಲ. ಕುದುರೆ ಹುಡುಕುವ ಮೊದಲು ಕುದುರೆಗೆ ಲಾಳ ಹೊಡೆಯುವ ಮನುಷ್ಯನನ್ನು ಹುಡುಕಿ.

ಕಾರವಾರದಿಂದ: ಗ್ಲಾಂಡರ್ಸ್ ರಕ್ತಪರೀಕ್ಷೆಯ ಕಾಗದ ನೋಡದೆ ಮುಂಗಡ ಕೊಡಬೇಡಿ. ಅದು ಮನುಷ್ಯರಿಗೂ ಹರಡುವ ರೋಗ. ಧನುರ್ವಾಯು ಚುಚ್ಚುಮದ್ದನ್ನೂ ಕೇಳಿ. ವಿಜಯನಗರದ ಕಾಲದಲ್ಲಿ ಭಟ್ಕಳ, ಹೊನ್ನಾವರ ಬಂದರಿಗೆ ಹಡಗಿನಲ್ಲಿ ಕುದುರೆ ಬಂದಿಳಿಯುತ್ತಿದ್ದವು. ಈಗ ನೋಡಿ, ಲಾರಿಯಲ್ಲಿ ಘಟ್ಟ ದಾಟಿಸಬೇಕು. ಚಾಲಕರಿಗೆ ತಿರುವಿನಲ್ಲಿ ನಿಧಾನ ಅಂತ ಮೊದಲೇ ಹೇಳಿಡಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಹಾಗಾದರೆ ಈ ಮಳೆ ಮುಗಿಯಲಿ, ಮೊದಲು ಲಾಯ ಕಟ್ಟಿಸುತ್ತೇನೆ. ಹಳಿಯಾಳದವರೇ, ನಿಮ್ಮ ಕಡೆ ಕುದುರೆಗೆ ಲಾಳ ಹೊಡೆಯುವವರು ಯಾರಾದರೂ ಇದ್ದಾರಾ? ಶಿರಸಿವರೆಗೆ ಬರುತ್ತಾರಾ ಅಂತ ಒಮ್ಮೆ ಕೇಳಿ ನೋಡ್ತೀರಾ?